ನುಚ್ಚಿನ ಗಡಿಗೆ ಮತ್ತು ಏಳನೆಯ ನಿಯಮ

ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ರಾಯಪ್ಪ ಮಾಸ್ತರರು ಜನ್ಮದಲ್ಲಿ ಒಮ್ಮೆಯೂ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ನೋಡಿದವರಲ್ಲ. ಇದೇನು ಡಂಗುರ ಹೊಡೆಸುವ ಮಾತಲ್ಲ, ಅವರೂ ಹೊಡೆಸಿರಲಿಲ್ಲ. ಅವರು ಓದಿದ ಕಾಲೇಜಿನಲ್ಲಿ ನಲವತ್ತು ಹುಡುಗರಿಗೆ ಒಂದೇ ಒಂದಿತ್ತು. ಪಾಳಿ ಹಚ್ಚಿ ನಿಲ್ಲಿಸುತ್ತಿದ್ದರು. ರಾಯಪ್ಪನವರದು ಯಾವಾಗಲೂ ಕೊನೆಯ ಪಾಳಿ. ಮುಂದೆ ಇನ್ನೂ ಮೂರು ಜನ ಇರುವಾಗಲೇ ಗಂಟೆ ಹೊಡೆದುಬಿಡುತ್ತಿತ್ತು. ಯಾಕೆ ಕೊನೆಗೇ ನಿಲ್ಲುತ್ತಿದ್ದರು ಅಂದರೆ, ಮುಂದೆ ನಿಂತರೆ ಯಾರಾದರೂ ತೋಳು ಹಿಡಿದು ಹಿಂದೆ ಕಳಿಸುತ್ತಿದ್ದರು. ಕಳಿಸಿಕೊಳ್ಳುವುದಕ್ಕಿಂತ ಮೊದಲೇ ಹೋಗಿ ನಿಲ್ಲುವುದು ಮರ್ಯಾದೆ ಅಂತ ಅವರು ಕಲಿತಿದ್ದರು.

ಹಾಗಾಗಿ ಅಮೀಬಾದ ಪಾಠ ಬಂದಾಗ ಹಲಗೆಯ ಮೇಲೆ ಅಂಚು ಹರಿದ ಒಂದು ರೊಟ್ಟಿ ಬರೆದು, ನಡುವೆ ಚುಕ್ಕೆ ಇಟ್ಟು, "ಇದ ನೋಡ್ರಿ ಅಮೀಬಾ" ಅನ್ನುತ್ತಿದ್ದರು. ಎಲ್ಲ ಹುಡುಗರೂ ಬರೆದುಕೊಳ್ಳುತ್ತಿದ್ದರು, ಧೂಳಪ್ಪನೊಬ್ಬನನ್ನು ಬಿಟ್ಟು. ಈ ಧೂಳಪ್ಪ ಒಂಬತ್ತನೆಯ ಇಯತ್ತೆಯವನು, ದಿನಾ ಕಳ್ಳಕವಟಗಿಯಿಂದ ಬರುತ್ತಿದ್ದ, ಬರುವಾಗ ದಾರಿಗುಂಟ ಪ್ರಶ್ನೆ ಆರಿಸಿಕೊಂಡು ಬರುತ್ತಿದ್ದ.

"ಸರ, ಇದು ನಮ್ಮ ಬಾವಿ ನೀರಿನ್ಯಾಗೂ ಇರತೈತೇನ್ರಿ?"

"ಇರತೈತಿ ಅಂತ ಪುಸ್ತಕದಾಗ ಐತಲೇ."

"ಪುಸ್ತಕ ಬರದಾವ್ರು ನೋಡ್ಯಾರ್ರಿ. ನೀವು ನೋಡೀರೇನ್ರಿ?"

"ಕುಂದರಲೇ ಕೆಳಗ!"

ಧೂಳಪ್ಪ ಕೂತ. ಆದರೆ ಆ ಪ್ರಶ್ನೆ ಮಾಸ್ತರರ ಹಿಂದೆಯೇ ಮನೆಯ ತನಕ ಹೋಗಿ, ಅವರ ಸಂಗಡ ಉಂಡು, ಅವರ ಸಂಗಡವೇ ಮಲಗಿತು.

ಸೂಕ್ಷ್ಮದರ್ಶಕ ಬರುವುದಕ್ಕೆ ಒಂದೇ ದಾರಿ ಇತ್ತು. ಪ್ರತಿ ವರ್ಷ ಜನವರಿಯಲ್ಲಿ ಶಾಲೆಗಳ ವಿಜ್ಞಾನ ಸ್ಪರ್ಧೆ ನಡೆಯುತ್ತಿತ್ತು. ಹುಡುಗರು ತಾವೇ ಮಾಡಿದ ಮಾದರಿ ತರಬೇಕು, ಮೊದಲು ಬಂದವರ ಶಾಲೆಗೆ ಒಂದು ಸೂಕ್ಷ್ಮದರ್ಶಕ. ಮೂರು ವರ್ಷದಿಂದ ಮೂರೂ ವಿಜಾಪುರದ ಒಂದೇ ದೊಡ್ಡ ಶಾಲೆಗೆ ಹೋಗಿದ್ದವು. ಹೆಸರು ಬೇಡ ಬಿಡಿ. ಅದರ ಚೇರಮನ್ನರು ಅರಳೆಯ ವ್ಯಾಪಾರದ ಶಂಕ್ರೆಪ್ಪ ಸಾಹುಕಾರರು. ಅವರ ಮೊಮ್ಮಗ ಒಂದು ಸೂಕ್ಷ್ಮದರ್ಶಕವನ್ನು ಗಾಳಿಗೆ ಕಾಗದ ಹಾರದ ಹಾಗೆ ಮೇಲೆ ಹೇರುವುದಕ್ಕೆ ಇಟ್ಟುಕೊಂಡಿದ್ದಾನೆ ಅಂತ ಗೋಳಗುಮ್ಮಟದ ಹತ್ತಿರದ ಚಹಾದಂಗಡಿಯಲ್ಲಿ ಮಾತಿತ್ತು.

ಆ ಶಾಲೆಗೇ ಯಾಕೆ ಬರುತ್ತಿತ್ತು? ಇದರಲ್ಲಿ ವಿಜ್ಞಾನ ಏನೂ ಇಲ್ಲ, ಹೋಳಿಗೆ ಇದೆ. ಸ್ಪರ್ಧೆಯ ದಿನ ಮಧ್ಯಾಹ್ನ ಪರೀಕ್ಷಕರಿಗೆ ಸಾಹುಕಾರರ ಮನೆಯಲ್ಲಿ ಊಟ. ಹೂರಣದ ಹೋಳಿಗೆ, ಮೇಲೆ ತುಪ್ಪ, ಕಟ್ಟಿನ ಸಾರು, ಎಣ್ಣೆಗಾಯಿ ಬದನೆ. ಉಂಡವರು ಎಲೆ ಅಡಿಕೆ ಹಾಕಿಕೊಂಡು, ಅರ್ಧ ಮುಚ್ಚಿದ ಕಣ್ಣಿನಿಂದ ಬಂದು ಮಾರ್ಕು ಹಾಕುತ್ತಿದ್ದರು. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರಲ್ಲ, ಪಾಪ, ಅವರು ಎಣಿಸುತ್ತಿರಲಿಲ್ಲ.

ಒಂದು ವರ್ಷ ಆ ಊಟಕ್ಕೆ ಹಳ್ಳಿಯ ಮಾಸ್ತರರನ್ನೂ ಕರೆದಿದ್ದರು. ಎಲ್ಲರಿಗೂ ಒಳಗೆ ಪಂಗ್ತಿ. ರಾಯಪ್ಪ ಮಾಸ್ತರರ ಎಲೆ ಮಾತ್ರ ಹೊರಗೆ, ಸೈಕಲ್ಲು ನಿಲ್ಲಿಸುವಲ್ಲಿ. ಮಾಸ್ತರರು "ಹೊಟ್ಟಿ ಸರಿ ಇಲ್ರಿ" ಅಂದು ಎದ್ದು, ಬಸ್ಸು ಹಿಡಿದು ಬಂದುಬಿಟ್ಟರು. ಮನೆಯಲ್ಲಿ ಹೆಂಡತಿ ಸೋನಾಬಾಯಿಗೆ ಕೂಡ ಅವರು ಇದನ್ನು ಹೇಳಲಿಲ್ಲ. ಹೇಳಿದ್ದು ಒಂದೇ: "ಇದು ಅನ್ಯಾಯ. ಊಟ ಹಾಕಿ ಬಹುಮಾನ ಹೊಡಿಯಾಕತ್ತಾರ."

ಮೂರನೆಯ ವರ್ಷವೂ ಸೋತಾಗ ಅವರು ಶಿಕ್ಷಣ ಇಲಾಖೆಗೆ ನಾಲ್ಕು ಪುಟದ ಕಾಗದ ಬರೆದರು. ಒಂದೂವರೆ ತಿಂಗಳಿಗೆ ಒಂದೂವರೆ ಸಾಲಿನ ಉತ್ತರ ಬಂತು: ಬರುವ ಜನವರಿಯ ಸ್ಪರ್ಧೆ ತಿಕೋಟಾದಲ್ಲಿ, ನಿಯಮ ಮಾಡುವ ಜವಾಬ್ದಾರಿ ಕಾಗದ ಬರೆದ ಮಾಸ್ತರರದು.

"ಓಣ್ಯಾಗ ಹೊಂಟಿದ್ದ ಮಾರೀನ ಕರದು ಮನಿಯಾಗ ಕುಂದರಿಸಿದ್ರಿ" ಅಂದಳು ಸೋನಾಬಾಯಿ.

ಮಾಸ್ತರರಿಗೆ ಅದು ಕಿವಿಗೆ ಬೀಳಲೇ ಇಲ್ಲ. ಅವರು ಆಗಲೇ ಲೇಖಣಿಗೆ ಮಸಿ ತುಂಬುತ್ತಿದ್ದರು. ಒಟ್ಟು ಹನ್ನೊಂದು ನಿಯಮ ಬರೆದರು. ಒಂದೊಂದೂ ಇಲಿ ನುಸುಳದ ಹಾಗೆ. ನಾಲ್ಕನೆಯದು: ಮೇಜುಗಳ ಮುಂದೆ ಸುಣ್ಣದ ಗೆರೆ, ಮಾಸ್ತರರು ತಮ್ಮ ಶಾಲೆಯ ಪರವಾಗಿ ಮಾತಾಡಲು ಗೆರೆ ದಾಟಿದರೆ ಆ ಶಾಲೆ ಸ್ಪರ್ಧೆಯಿಂದ ಹೊರಗೆ. ಏಳನೆಯದು ಅವರ ಪ್ರೀತಿಯ ನಿಯಮ, ಮೂರು ಸಲ ತಿದ್ದಿ ಬರೆದದ್ದು: ಪರೀಕ್ಷಕರು ಆ ದಿನ ಯಾವುದೇ ಶಾಲೆಯವರ ಇಲ್ಲವೆ ಆ ಊರಿನವರ ಕೈಯಿಂದ ಏನನ್ನೂ ತಿನ್ನತಕ್ಕದ್ದಲ್ಲ, ಕುಡಿಯತಕ್ಕದ್ದಲ್ಲ, ತಿಂದರೆ ಕೊಟ್ಟವರ ಶಾಲೆ ಹೊರಗೆ. ಪರೀಕ್ಷಕರು ತಮ್ಮ ಬುತ್ತಿ ತಾವೇ ತರಬೇಕು.

ಜನವರಿ ಬಂತು. ಈ ಏಳನೆಯ ನಿಯಮ ಊರಲ್ಲಿ ಗೊತ್ತಾದ ದಿನವೇ ಗುರುಸಿದ್ದವ್ವ ಬಂದಳು. ಶಾಲೆಯ ಮಗ್ಗುಲ ಮನೆಯವಳು, ಊರಿಗೇ ಹಿರಿಯಳು. ಊರಿಗೆ ಬಂದ ಕಂಡಕ್ಟರನಿಗೂ ಮಜ್ಜಿಗೆ ಕುಡಿಸದೆ ಬಿಟ್ಟವಳಲ್ಲ.

"ಏನ್ ಮಾಸ್ತರ, ನಮ್ಮೂರ ಮಣ್ಣು ತುಳದ ಮಂದಿ ಹಸಗೊಂಡು ಹೋಗಬೇಕಂತ? ನಾಳೆ ನಾಕು ಮಂದ್ಯಾಗ ನಾ ಹೆಂಗ ಮಾರಿ ಎತ್ತಲಿ?"

"ಅವ್ವಾರ, ಇದು ನ್ಯಾಯದ ಮಾತ್ರಿ."

"ನ್ಯಾಯ ಹೊಟ್ಟಿ ತುಂಬಸತೈತೇನು?"

"ಬರೋ ಬುಧವಾರ ಒಂದ ದಿನ ಗಪ್ಪನ ಇರ್ರೆವ್ವಾ, ನಿಮ್ಮ ಕಾಲಿಗೆ ಬೀಳತೇನಿ."

ಗುರುಸಿದ್ದವ್ವ ಗಪ್ಪನೆ ಹೋದಳು. ಆಕೆ ಗಪ್ಪನೆ ಹೋದಳು ಅಂದರೆ ಹೆದರಬೇಕಾಗಿತ್ತು, ಮಾಸ್ತರರಿಗೆ ಅಷ್ಟು ಬುದ್ಧಿ ಹೊಳೆಯಲಿಲ್ಲ.

ಬುಧವಾರ ಬಂತು. ಹದಿನಾಲ್ಕು ಶಾಲೆ, ಹದಿನಾಲ್ಕು ಮೇಜು, ನೂಲು ಹಿಡಿದು ಎಳೆದ ಹಾಗೆ ಸುಣ್ಣದ ಗೆರೆ. ಎಂಟು ಗಂಟೆಯ ಬಸ್ಸಿನಿಂದ ಇಬ್ಬರು ಪರೀಕ್ಷಕರು ಇಳಿದರು. ಒಬ್ಬರು ರಿಟಾಯರಾದ ಹೆಡ್ ಮಾಸ್ತರ ಗುರಲಿಂಗಪ್ಪನವರು: ಕಚ್ಚೆ ಧೋತರ, ಕರಿ ಕೋಟು, ತಲೆಗೆ ರುಮಾಲು. ಮೂರು ವರ್ಷವೂ ಸಾಹುಕಾರರ ಪಂಗ್ತಿಯಲ್ಲಿ ಮೊದಲನೆಯ ಎಲೆ ಇವರದೇ ಇತ್ತು. ಇನ್ನೊಬ್ಬರು ಕಾಲೇಜಿನಲ್ಲಿ ಕಲಿಸುವ ಫಕ್ರುದ್ದೀನ ಸರ್, ಸಣ್ಣ ವಯಸ್ಸು, ದಪ್ಪ ಕನ್ನಡಕ. ಬಸ್ಸು ಧೂಳೆಬ್ಬಿಸಿ ಅಥಣಿಯ ಕಡೆಗೆ ಹೊರಟ ಮೇಲೆ ಗುರಲಿಂಗಪ್ಪನವರು ಎರಡೂ ಕೈ ನೋಡಿಕೊಂಡರು. ಒಂದರಲ್ಲಿ ಛತ್ರಿ ಇತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ.

"ನನ್ನ ಬುತ್ತಿ!"

ಬುತ್ತಿ ಅಥಣಿಗೆ ಹೋಗಿತ್ತು.

"ನಂದರಾಗ ಹಂಚಗೊಂಡು ಉಣ್ಣೂಣು ಬಿಡ್ರಿ" ಅಂದರು ಫಕ್ರುದ್ದೀನ ಸರ್.

"ಬ್ಯಾಡ್ರಿ, ಬ್ಯಾಡ್ರಿ. ನಾ ಇವತ್ತ ಒಪ್ಪತ್ತು" ಅಂದರು ಗುರಲಿಂಗಪ್ಪನವರು. ಬುತ್ತಿ ಹೋದ ಮೇಲೆ ಹುಟ್ಟಿದ ವ್ರತ ಅದು.

ಮೊದಲನೆಯ ಮೇಜಿನಲ್ಲೇ ತಡವಾಯಿತು. ಅದು ಬಬಲೇಶ್ವರದ ಶಾಲೆಯದು. ತಿಪ್ಪವ್ವ ಅಂತ ಒಬ್ಬ ಹುಡುಗಿ, ಎರಡು ಹೆರಳು, ತೋಳಿಗೆ ತೇಪೆ ಹಾಕಿದ ಪೋಲಕ. ಮೇಜಿನ ಮೇಲೆ ಒಂದು ಹಳೆಯ ಚಹಾಪುಡಿಯ ಕಟ್ಟಿಗೆ ಪೆಟ್ಟಿಗೆ, ಅದರ ತುಂಬ ಜೋಳದ ಹೊಟ್ಟು, ನಡುವೆ ಗಡಿಗೆ ಕೂಡುವಷ್ಟು ಗುಂಡಿ, ಮೇಲೆ ಮುಚ್ಚಲು ದಪ್ಪ ಕೌದಿ. ಪಕ್ಕದಲ್ಲಿ ಸ್ಟೋ ಹಚ್ಚಿ ಗಡಿಗೆಯಲ್ಲಿ ಜೋಳದ ನುಚ್ಚು ಕುದಿಯಲು ಇಟ್ಟಿದ್ದಳು.

"ಇದೇನವಾ, ಸ್ಪರ್ಧೇಕ್ಕ ಬಂದೀಯೋ, ಅಡಿಗಿ ಮಾಡಾಕ ಬಂದೀಯೋ?" ಅಂದರು ಗುರಲಿಂಗಪ್ಪನವರು.

"ಎರಡಕ್ಕೂ ರೀ. ನಮ್ಮವ್ವ ಚಂದ್ರಾಬಾಯಿ ನಸೀಕಿನ್ಯಾಗ ಕೂಲಿಗೆ ಹೋಗ್ತಾಳ್ರಿ, ಬರೂದು ಹೊತ್ತ ಮುಣಗಿದ ಮ್ಯಾಲೆ. ನಾ ಸಾಲಿಗೆ ಬರತೇನಿ. ಒಲಿ ಮುಂದ ಕುಂದರಾಕ ಯಾರೂ ಇಲ್ರಿ. ಅದಕ್ಕ ನುಚ್ಚು ಹತ್ತು ಮಿನಿಟು ಕುದ್ದ ಮ್ಯಾಲೆ ಗಡಿಗಿ ಇದರಾಗ ಇಟ್ಟು ಕೌದಿ ಮುಚ್ಚತೇನ್ರಿ. ಬಿಸಿ ಹೊರಗ ಹೋಗಾಕ ದಾರಿ ಸಿಗೂದಿಲ್ರಿ. ತನ್ನ ಬಿಸಿಗೆ ತಾನ ಬೇಯತೈತ್ರಿ. ಕಟಿಗಿ ಉಳಿತಾವ."

"ಹೊಟ್ಟು ಯಾಕ? ಅರಳಿ ಯಾಕ ಹಾಕಲಿಲ್ಲ?" ಕೇಳಿದರು ಫಕ್ರುದ್ದೀನ ಸರ್.

"ಅರಳಿ ಸಾಹುಕಾರ್ರ ಕಡೆ ಐತ್ರಿ. ಹೊಟ್ಟು ನಮ್ಮ ಕಡೆ ಐತ್ರಿ."

ಫಕ್ರುದ್ದೀನ ಸರ್ ನಕ್ಕುಬಿಟ್ಟರು. ಹತ್ತು ನಿಮಿಷ ಗಡಿಯಾರ ನೋಡಿ ಕುದಿಸಿ, ಗಡಿಗೆ ಇಳಿಸಿ, ಕೌದಿ ಮುಚ್ಚಿ, ಪೆಟ್ಟಿಗೆಗೆ ಕಾಗದ ಅಂಟಿಸಿ ಇಬ್ಬರೂ ಸಹಿ ಮಾಡಿದರು. ಒಂದು ಗಂಟೆಗೆ ಬಂದು ಒಡೆಯುವುದು ಅಂತ ಆಯಿತು. ಹೊರಡುವಾಗ ಗುರಲಿಂಗಪ್ಪನವರು ತಿರುಗಿ ನಿಂತು, ದನಿ ತಗ್ಗಿಸಿ ಕೇಳಿದರು:

"ನಿಮ್ಮ ಮನಿ ಊರಾಗೋ, ಊರ ಹೊರಗೋ?"

"ಹೊರಗ ರೀ" ಅಂದಳು ತಿಪ್ಪವ್ವ.

ಗೆರೆಯ ಈಚೆ ನಿಂತಿದ್ದ ರಾಯಪ್ಪ ಮಾಸ್ತರರ ಕಿವಿಗೆ ಇದು ಬಿತ್ತು. ಇಂಥ ಪ್ರಶ್ನೆ ಕೇಳಬಾರದು ಅಂತ ಹನ್ನೊಂದು ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕಾಗಿತ್ತು ಅಂದುಕೊಂಡರು. ಅಷ್ಟರಲ್ಲಿ ಪರೀಕ್ಷಕರು ಮುಂದಿನ ಮೇಜಿಗೆ ಹೋಗಿದ್ದರು.

ಸಾಹುಕಾರರ ಶಾಲೆಯದು ಅಲ್ಲೇ ಮಗ್ಗುಲ ಮೇಜು. ಏನು ಅದರ ಥಾಟು! ಮೇಜಿಗೆ ನೆಲದ ತನಕ ಮಖಮಲ್ಲಿನ ಪರದೆ, ಮೇಲೆ ಸಿಮೆಂಟಿನ ಅಣೆಕಟ್ಟು, ಅದರಿಂದ ನೀರು ಬಿದ್ದು ಗಾಲಿ ತಿರುಗಿ ಹನ್ನೆರಡು ಬಲ್ಬು ಹತ್ತುತ್ತಿದ್ದವು. ಹುಡುಗ ಬಾಯಿಪಾಠ ಮಾಡಿದ್ದನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದ.

"ನೀರು ಮ್ಯಾಲೆ ಹೆಂಗ ಏರತೈತಪಾ?" ಅಂದರು ಫಕ್ರುದ್ದೀನ ಸರ್.

ಹುಡುಗನಿಗೆ ಅಷ್ಟು ಪಾಠ ಆಗಿರಲಿಲ್ಲ. ಅವನು ಮೇಲೆ ನೋಡಿದ, ಕೆಳಗೆ ನೋಡಿದ. ಆಗ ತಿಪ್ಪವ್ವನ ಮೇಜಿನಿಂದ ಜೋಳದ ಹೊಟ್ಟಿನ ಧೂಳು ಗಾಳಿಗೆ ತೇಲಿ ಬಂತು. ಪರದೆಯ ಒಳಗಿನಿಂದ ಒಂದು ಸೀನು ಬಂತು. ಹನ್ನೆರಡೂ ಬಲ್ಬು ಆರಿದವು. ಫಕ್ರುದ್ದೀನ ಸರ್ ಪರದೆ ಎತ್ತಿದರೆ ಒಳಗೆ ಬಡಗಿ ಲಾಡಲೇಸಾಬ, ಕೈಯಲ್ಲಿ ಪಂಪಿನ ಹಿಡಿಕೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತಿದ್ದ.

"ಸಲಾಮ್ ರೀ" ಅಂದ ಲಾಡಲೇಸಾಬ ಕೂತಲ್ಲಿಂದಲೇ. "ನಾ ಬ್ಯಾಡ ಅಂದ್ನಿ ರೀ. ಸಾಹುಕಾರ್ರು ಕುಂದರು ಅಂದ್ರು. ಅಣೆಕಟ್ಟು ಮಾತ್ರ ಖರೇನ ಛಲೋ ಆಗೇತಿ ನೋಡ್ರಿ, ನಂದ ಕೆಲಸ."

ಅಲ್ಲಿಗೆ ಸಾಹುಕಾರರ ಶಾಲೆಯ ಕತೆ ಮುಗಿಯಿತು. ರಾಯಪ್ಪ ಮಾಸ್ತರರ ಎದೆ ಎರಡು ಗೇಣು ಉಬ್ಬಿತು. ಯಾಕೆ ಉಬ್ಬಬಾರದು? ಅವರ ಧೂಳಪ್ಪನ ಮಾದರಿ ಅಪ್ಪಟ ಧೂಳಪ್ಪನದೇ. ಒಂದು ಡಬ್ಬಿಯಲ್ಲಿ ನೀರು, ನೀರಿನಲ್ಲಿ ತೇಲುವ ಬೆಂಡು. ನೀರು ತುಂಬಿದ ಕೂಡಲೇ ಬೆಂಡು ಮೇಲೆ ಬಂದು ಎರಡು ತಂತಿ ಕೂಡಿಸುತ್ತದೆ, ಬ್ಯಾಟರಿಯ ಗಂಟೆ ಹೊಡೆಯುತ್ತದೆ. ತೊಟ್ಟಿ ತುಂಬಿ ಹರಿದು ನೀರು ಹಾಳಾಗುವ ಮಾತೇ ಇಲ್ಲ.

"ಬೆಂಡು ಮುಣಗಿದ್ರ?" ಕೇಳಿದರು ಫಕ್ರುದ್ದೀನ ಸರ್.

"ಬೆಂಡು ಮುಣಗೂದಿಲ್ರಿ. ಮುಣಗಿದ್ರ ಅದು ಬೆಂಡ ಅಲ್ರಿ."

ಹನ್ನೊಂದು ಗಂಟೆಗೆ ಹನ್ನೆರಡು ಮೇಜು ಮುಗಿದಿದ್ದವು. ಫಕ್ರುದ್ದೀನ ಸರ್ ಮಾಸ್ತರರ ಹತ್ತಿರ ಹಾಯುವಾಗ, "ನಿಮ್ಮ ಹುಡುಗ ಹುಷಾರ ಅದಾನ್ರಿ, ಇಲ್ಲೀತನಕ ಅವಂದ ಮ್ಯಾಲೆ" ಅಂದು ಹೋದರು. ಮಾಸ್ತರರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸಂತೋಷಕ್ಕೆ ಒಂದು ಸುತ್ತು ಹಾಕಿ ಬರೋಣ ಅಂತ ಶಾಲೆಯ ಹಿತ್ತಲಿಗೆ ಹೋದರು.

ಹಿತ್ತಲಲ್ಲಿ ಬೇವಿನ ಮರದ ಮರೆಗೆ ಗುರಲಿಂಗಪ್ಪನವರು ಕಲ್ಲಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ತಾಟು. ತಾಟಿನಲ್ಲಿ ಹೋಳಿಗೆ. ಎದುರಿಗೆ ಗುರುಸಿದ್ದವ್ವ ತುಪ್ಪದ ಗಿಂಡಿ ಹಿಡಿದು, "ಇನ್ನೊಂದ ಅರ್ಧಾ ನೀಡಲೇನ್ರಿ?" ಅನ್ನುತ್ತಿದ್ದಳು. ಒಪ್ಪತ್ತಿನವರ ಬಾಯಿ ತುಂಬಿತ್ತು, ಅವರು ತಲೆಯಲ್ಲೇ ಹೂಂ ಅಂದರು.

ಮಾಸ್ತರರು ಅಲ್ಲೇ ಕಂಬದ ಹಾಗೆ ನಿಂತರು. ಏಳನೆಯ ನಿಯಮ ಅವರ ಕಣ್ಣ ಮುಂದೆ ಅಕ್ಷರ ಅಕ್ಷರವಾಗಿ ಬಂತು. ಯಾವುದೇ ಶಾಲೆಯವರ ಇಲ್ಲವೆ ಆ ಊರಿನವರ ಕೈಯಿಂದ. ಗುರುಸಿದ್ದವ್ವ ತಿಕೋಟಾದವಳು. ತಿಕೋಟಾದ ಶಾಲೆ ಹೊರಗೆ. ಸೂಕ್ಷ್ಮದರ್ಶಕವೂ ಹೊರಗೆ.

ಅವರು ಕೆಮ್ಮಲಿಲ್ಲ. ಕೂಗಲಿಲ್ಲ. ಹಿಂದಿನ ಹೆಜ್ಜೆ ಹಾಕಿ ಮೆಲ್ಲಗೆ ಮರಳಿದರು. ದಾರಿಯಲ್ಲಿ ತಮಗೆ ತಾವೇ ವಕೀಲರಾದರು: ಮುದುಕರು, ಹಸಿದಿದ್ದಾರೆ. ಹೋಳಿಗೆ ತಿಂದ ಮಾತ್ರಕ್ಕೆ ಧೂಳಪ್ಪನ ಗಂಟೆ ಹೆಚ್ಚು ಜೋರಾಗಿ ಹೊಡೆಯುತ್ತದೆಯೇ? ನಾನು ತಿನ್ನಿಸಿದ್ದೇನೆಯೇ? ಯಾರು ನೋಡಿದ್ದಾರೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಇಲ್ಲಿ ಹಾಲು ಕುಡಿದದ್ದು ಒಬ್ಬರು, ಕಣ್ಣು ಮುಚ್ಚಿಕೊಂಡದ್ದು ಇನ್ನೊಬ್ಬರು.

ಒಂದು ಗಂಟೆ ಆಯಿತು. ಎಲ್ಲರೂ ತಿಪ್ಪವ್ವನ ಪೆಟ್ಟಿಗೆಯ ಸುತ್ತ ಕೂಡಿದರು. ಸಹಿ ಮಾಡಿದ ಕಾಗದ ಹಾಗೇ ಇತ್ತು. ಹರಿದು, ಕೌದಿ ಸರಿಸಿ, ಗಡಿಗೆ ಎತ್ತಿ ಮುಚ್ಚಳ ತೆಗೆದರೆ ಹಬೆ ಏಳುತ್ತಿತ್ತು! ನಾಲ್ಕು ತಾಸು ಬೆಂಕಿ ಕಾಣದ ಗಡಿಗೆಯಿಂದ ಬಿಸಿ ನುಚ್ಚಿನ ಘಮ ಎದ್ದು, ಬುತ್ತಿ ಬಿಚ್ಚಲು ಕಾಯುತ್ತಿದ್ದ ಮಕ್ಕಳೆಲ್ಲ ಮೂಗು ಎತ್ತಿದರು. ತಿಪ್ಪವ್ವ ಒಂದು ತಾಟಿಗೆ ನುಚ್ಚು ಹಾಕಿ, ಮೇಲೆ ಮಜ್ಜಿಗೆ ಸುರಿದು, ಎರಡೂ ಕೈಯಿಂದ ಮುಂದೆ ಹಿಡಿದಳು.

"ಬಾಯಾಗ ಹಾಕ್ಕೊಂಡು ನೋಡ್ರಿ ಸರ. ನುಚ್ಚು ಬೆಂದದ್ದು ಕಣ್ಣಿಗೆ ತಿಳಿಯೂದಿಲ್ರಿ. ಹಲ್ಲಿಗೆ ತಿಳಿತೈತಿ."

ಫಕ್ರುದ್ದೀನ ಸರ್ ಕೈ ಚಾಚಿದರು. ಗುರಲಿಂಗಪ್ಪನವರು ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ತಡೀರಿ ಫಕ್ರುದ್ದೀನ. ಏಳನೇ ನಿಯಮ ಐತಲ್ಲ? ತಿಂದ್ರ ಈ ಹುಡುಗಿ ಸಾಲಿ ಹೊರಗ ಹೋಗತೈತಿ."

"ತಿನ್ನದ ಹೆಂಗ ಹೇಳೂದ್ರಿ, ಬೆಂದೈತೋ ಇಲ್ಲೋ?"

"ಹೇಳಾಕ ಬರೂದಿಲ್ಲ. 'ಪ್ರಯೋಗ ಸಿದ್ಧವಾಗಿಲ್ಲ' ಅಂತ ಬರದು ಸೊನ್ನಿ ಹಾಕೂದು. ಏನ್ ಮಾಡೂದ್ರಿ, ನಿಯಮ ನಿಯಮ. ನಿಯಮ ಮಾಡಿದ ಮಾಸ್ತರ್ರೂ ಅಲ್ಲೇ ನಿಂತಾರ, ಕೇಳ್ರಿ ಬೇಕಾರ."

ತಿಪ್ಪವ್ವ ತಾಟು ಹಿಡಿದೇ ನಿಂತಿದ್ದಳು. ಕೈ ಸೋಲುತ್ತಿತ್ತು, ಇಳಿಸಲಿಲ್ಲ.

ಎಲ್ಲರೂ ರಾಯಪ್ಪ ಮಾಸ್ತರರ ಕಡೆ ತಿರುಗಿದರು. ಮೊದಲು ಅವರಿಗೆ ಹೊಳೆದದ್ದು ಒಂದೇ: ಈ ಹುಡುಗಿಗೆ ಸೊನ್ನೆ ಬಿದ್ದರೆ ಧೂಳಪ್ಪ ಮೊದಲು. ಸುಮ್ಮನೆ ತಲೆ ಆಡಿಸಿದರೆ ಸಾಕು. ಸೂಕ್ಷ್ಮದರ್ಶಕ ಮೇಜಿನ ಮೇಲೆ ಬಂದು ಕೂತ ಹಾಗೇ ಕಂಡಿತು.

ಆಮೇಲೆ ಅವರ ಕಣ್ಣು ಗುರಲಿಂಗಪ್ಪನವರ ಬೆನ್ನ ಹಿಂದಿನ ಕೈಗಳ ಮೇಲೆ ಬಿತ್ತು. ಬಲಗೈಯ ಬೆರಳಿಗೆ ಇನ್ನೂ ತುಪ್ಪದ ಮಿರುಗು ಇತ್ತು. ಗುರುಸಿದ್ದವ್ವನ ತಾಟಿಗೆ ಚಾಚಿದ ಕೈ ಈ ತಾಟಿಗೆ ಬೆನ್ನ ಹಿಂದೆ ಹೋಗಿತ್ತು. ಆ ಕೈಗೆ ನಿಯಮದ ಚಿಂತೆ ಇರಲಿಲ್ಲ, ನಿಯಮದ ಆಸರೆ ಸಿಕ್ಕಿತ್ತು. ಮಾಸ್ತರರ ಮೈ ಉರಿದು ಹೋಯಿತು. ಸೈಕಲ್ಲಿನ ಪಕ್ಕ ತನ್ನ ಎಲೆ ಹಾಕಿದ್ದಕ್ಕೆ ಸಿಟ್ಟಾಗಿ ತಾನು ಮಾಡಿದ ನಿಯಮ, ಈಗ ಈ ಕೂಸಿನ ಗಡಿಗೆಯನ್ನು ಹೊರಗೆ ಇಡುವುದಕ್ಕೆ ಉಪಯೋಗ ಆಗುತ್ತಿದೆ! ತಾನೇ ಸುಣ್ಣ ಕಲಸಿ ಎಳೆದ ಗೆರೆ ಇದು.

ಅವರು ಗೆರೆ ದಾಟಿದರು.

"ಮಾಸ್ತರ, ಗೆರಿ!" ಅಂತ ಹತ್ತು ಹುಡುಗರು ಕೂಗಿದರು.

"ಗೊತ್ತೈತಿ. ಫಕ್ರುದ್ದೀನ ಸರ, ಬರ್ಕೋರಿ. ಏಳನೇ ನಿಯಮ ಆಗಲೇ ಮುರದೈತಿ. ಹನ್ನೊಂದು ಗಂಟೇಕ್ಕ ಬೇವಿನ ಗಿಡದ ಹಿಂದ ಪರೀಕ್ಷಕರೊಬ್ರು ನಮ್ಮೂರ ಹೋಳಿಗಿ ಉಂಡಾರ. ನಾ ಕಣ್ಣಾರೆ ನೋಡೇನಿ, ನೋಡಿ ಬಾಯಿ ಮುಚಗೊಂಡೇನಿ. ಹೊರಗ ಹೋಗೂ ಸಾಲಿ ಬಬಲೇಶ್ವರದ್ದಲ್ರಿ. ನಂದು."

ಗುರಲಿಂಗಪ್ಪನವರ ರುಮಾಲಿನ ಕೆಳಗೆ ಬೆವರು ಇಳಿಯಿತು. ಗುಂಪಿನ ಹಿಂದಿನಿಂದ ಗುರುಸಿದ್ದವ್ವನ ದನಿ ಬಂತು: "ನಾನ ನೀಡಿದ್ನಿ! ಎರಡೂವರಿ ಹೋಳಿಗಿ! ಹಸದಾವ್ರಿಗೆ ನೀಡೂದು ತಪ್ಪಾದ್ರ ನನ್ನ ಜೇಲಿಗೆ ಹಾಕ್ರಿ!"

"ಎರಡೂವರಿ?" ಫಕ್ರುದ್ದೀನ ಸರ್ ತಿರುಗಿ ನೋಡಿದರು. "ಒಪ್ಪತ್ತು ಅಂದಿದ್ರೆಲ್ರಿ?"

ಜನ ಗೊಳ್ಳೆಂದು ನಕ್ಕಿತು. ಗುರಲಿಂಗಪ್ಪನವರೂ ಏನು ಮಾಡಬೇಕು ತಿಳಿಯದೆ ಅರ್ಧ ನಕ್ಕರು. ರಾಯಪ್ಪ ಮಾಸ್ತರರು ಮಾತ್ರ ನಗಲಿಲ್ಲ. ಅವರು ಎದುರಿಗೆ ಹೋಗಿ ನಿಂತು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಹೇಳಿದರು: "ಆ ಹೋಳಿಗಿಗೆ ಅಡ್ಡ ಬರದ ನಿಯಮ ಈ ನುಚ್ಚಿಗೆ ಯಾಕ ಅಡ್ಡ ಬಂತು ಅಂತ ನಾ ಕೇಳೂದಿಲ್ರಿ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ಆ ನಿಯಮ ಬರದ ಕೈ ನಂದು, ಹೊಡದು ಹಾಕೂದೂ ನಾನ." ಗೋಡೆಗೆ ಅಂಟಿಸಿದ್ದ ಹನ್ನೊಂದು ನಿಯಮದ ಹಾಳೆಯ ಮೇಲೆ, ಏಳನೆಯದರ ಉದ್ದಕ್ಕೂ ಒಂದು ಗೀಟು ಎಳೆದರು.

ಫಕ್ರುದ್ದೀನ ಸರ್ ಕನ್ನಡಕ ಒರೆಸಿಕೊಂಡು ಯೋಚಿಸಿದರು. "ನಾಲ್ಕನೇ ನಿಯಮದಾಗ, ತಮ್ಮ ಸಾಲಿ ಪರವಾಗಿ ಮಾತಾಡಾಕ ಗೆರಿ ದಾಟಬಾರದು ಅಂತ ಐತಿ. ಇವರು ವಿರುದ್ಧ ಮಾತಾಡಾಕ ದಾಟ್ಯಾರ. ಹೋಳಿಗಿ ಉಂಡ ತಪ್ಪಿಗೆ ಆ ಹುಡುಗ ಧೂಳಪ್ಪ ಏನ್ ಮಾಡ್ಯಾನ್ರಿ ಪಾಪ? ಏಳನೇದು ಯಾರಿಗೂ ಬ್ಯಾಡ. ಯಾರೂ ಹೊರಗಿಲ್ಲ, ಎಲ್ಲಾರೂ ಒಳಗ. ಏನಂತೀರಿ ಗುರಲಿಂಗಪ್ಪನವರ?"

"ಆಗಲಿ, ಆಗಲಿ" ಅಂದರು ಗುರಲಿಂಗಪ್ಪನವರು ಗಡಬಡಿಸಿ.

"ಹಂಗಾರ ತಗೋರಿ ತಾಟು."

ಇಡೀ ಶಾಲೆ ಅವರ ಕೈ ನೋಡುತ್ತಿತ್ತು. ಬೆನ್ನ ಹಿಂದಿನಿಂದ ಕೈ ಮುಂದೆ ಬರಲು ಎಷ್ಟು ಹೊತ್ತು ಹಿಡಿಯಿತು ಅಂತೀರಿ! ಬಂತು. ತಿಪ್ಪವ್ವನ ಕೈಯಿಂದ ತಾಟು ಇಸಕೊಂಡು, ಕಣ್ಣು ಮುಚ್ಚಿ, ಕಷಾಯ ಕುಡಿಯುವವರ ಹಾಗೆ ಒಂದು ತುತ್ತು ಬಾಯಿಗೆ ಹಾಕಿದರು. ಅಗಿದರು. ಕಣ್ಣು ತೆರೆದರು. ಇನ್ನೊಂದು ತುತ್ತು ಹಾಕಿದರು.

"ಮ್ಯಾಲಿಂದು ಬೆಂದೈತಿ" ಅಂದರು. "ತಳದ್ದು ಬೆಂದೈತೋ ಇಲ್ಲೋ ನೋಡಬೇಕು. ಇನ್ನೊಂದೀಟು ಹಾಕವಾ, ತಳದಿಂದ."

ಒಂದು ತಾಟು ನುಚ್ಚಿಗೆ ಮನುಷ್ಯ ಬದಲಾದ ಅಂತ ನಾನೇನು ಹೇಳುವುದಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿದರೋ ಏನೋ, ಅದು ಅವರ ಮನೆಯ ಹಂಡೆಗೆ ಗೊತ್ತು. ಆದರೆ ಅಂದು ತಿಕೋಟಾದ ಪಡಸಾಲೆಯಲ್ಲಿ ಒಂದೇ ಪಂಗ್ತಿ ಕೂತಿತು, ಅದಂತೂ ಖರೆ. ಗುರುಸಿದ್ದವ್ವ ಮನೆಯಲ್ಲಿ ಬಚ್ಚಿಟ್ಟಿದ್ದ ಹೋಳಿಗೆ ಬುಟ್ಟಿಗಟ್ಟಲೆ ಬಂದವು. ರಾಯಪ್ಪ ಮಾಸ್ತರರು ಎಂದಿನ ರೂಢಿಯಂತೆ ಪಂಗ್ತಿಯ ಕೊನೆಗೆ ಹೋಗಿ ಕೂತಿದ್ದರು. ತಿಪ್ಪವ್ವ ಗಡಿಗೆ ಹಿಡಿದು ಬಂದವಳು, ಬಡಿಸುವುದನ್ನು ಅಲ್ಲಿಂದಲೇ ಶುರು ಮಾಡಿದಳು.

ಸಂಜೆ ಮಾರ್ಕು ಕೂಡಿಸಿ ಓದಿದರು. ಬಬಲೇಶ್ವರದ ತಿಪ್ಪವ್ವ ತೊಂಬತ್ತೆರಡು. ತಿಕೋಟಾದ ಧೂಳಪ್ಪ ಎಂಬತ್ತೊಂಬತ್ತು. ಸೂಕ್ಷ್ಮದರ್ಶಕದ ಪೆಟ್ಟಿಗೆ ತಿಪ್ಪವ್ವನ ತೊಡೆಯ ಮೇಲೆ ಕೂತು ಬಸ್ಸು ಹತ್ತಿ ಹೋಯಿತು. ಧೂಳಪ್ಪನಿಗೆ ಒಂದು ಕಂಪಾಸ ಪೆಟ್ಟಿಗೆ ಬಂತು. ಅವನು ಅದನ್ನು ತೆರೆದೂ ನೋಡಲಿಲ್ಲ, ಎರಡು ದಿನ ಮಾಸ್ತರರ ಹತ್ತಿರ ಮಾತೂ ಆಡಲಿಲ್ಲ. ಪ್ರಶ್ನೆ ಇಲ್ಲದ ತರಗತಿಯಲ್ಲಿ ಮಾಸ್ತರರಿಗೆ ಪಾಠ ಮಾಡಲು ಬಾಯಿಯೇ ಬರಲಿಲ್ಲ. ಮೂರನೆಯ ದಿನ ಅವನೇ ಬಂದ.

"ಸರ, ನೀವು ಸುಮ್ಮಕಿದ್ದಿದ್ರ ನಮಗ ಬರತಿತ್ತಲ್ರಿ?"

"ಬರತಿತ್ತು."

"ಮತ್ತ ಯಾಕ್ರಿ?"

ಮಾಸ್ತರರು ಬಹಳ ಹೊತ್ತು ಹಲಗೆ ಒರೆಸಿದರು. ಅದರ ಮೇಲೆ ಏನೂ ಬರೆದಿರಲಿಲ್ಲ.

"ಪಾಳಿ ಆಕೀದಿತ್ತಲೇ" ಅಂದರು.

ಮುಂದಿನ ತಿಂಗಳು ಒಂದು ದಿನ, ಅರ್ಧ ದಿನದ ರಜೆ ಹಾಕಿ, ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಬಬಲೇಶ್ವರಕ್ಕೆ ಹೋದರು. ಧೂಳಪ್ಪ ಹಿಂದೆ ಕೂತು ಕಳ್ಳಕವಟಗಿಯ ಬಾವಿಯ ನೀರಿನ ಶೀಶೆಯನ್ನು ಎದೆಗವಚಿ ಹಿಡಿದಿದ್ದ. ಅಲ್ಲಿ ಶಾಲೆಯ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ, ಅದರ ಪಕ್ಕ ತಿಪ್ಪವ್ವ, ಅವಳ ಮುಂದೆ ಮೂವತ್ತು ಮಕ್ಕಳ ಪಾಳಿ. ಮಾಸ್ತರರನ್ನು ಕಂಡು ತಿಪ್ಪವ್ವ ಕೈ ಮುಗಿದಳು, ಮುಖ ಅರಳಿತು. ಆದರೆ ಮುಂದೆ ಕರೆಯಲಿಲ್ಲ.

"ಪಾಳಿ ಹಚ್ರಿ ಸರ" ಅಂದಳು. "ಇಲ್ಲೆ ಎಲ್ಲಾರಿಗೂ ಪಾಳೀನ. ಗಂಟಿ ಆದ್ರೂ ಬಂದ್ ಮಾಡೂದಿಲ್ರಿ, ಕಡೇದಾವ್ರು ನೋಡೂತನಕ ಇರತೇನಿ."

ಮಾಸ್ತರರು ಕೊನೆಗೆ ಹೋಗಿ, ಮೂಗು ಸೋರುವ ಒಬ್ಬ ಒಂದನೆಯ ಇಯತ್ತೆಯ ಹುಡುಗನ ಹಿಂದೆ ನಿಂತರು. ಪಾಳಿ ಸರಿಯಿತು. ನಡುವೆ ಗಂಟೆಯೂ ಹೊಡೆಯಿತು. ಯಾರೂ ಕದಲಲಿಲ್ಲ.

ಅವರ ಪಾಳಿ ಬಂತು. ತಿಪ್ಪವ್ವ ಗಾಜಿನ ಮೇಲೆ ಬಾವಿಯ ನೀರಿನ ಒಂದು ಹನಿ ಇಟ್ಟು ಸರಿದು ನಿಂತಳು. ಮಾಸ್ತರರು ಬಗ್ಗಿ ಕಣ್ಣು ಹಚ್ಚಿದರು. ಮೊದಲು ಮಂಜು ಮಂಜು, ಆಮೇಲೆ ಬೆಳಕು. ಬೆಳಕಿನಲ್ಲಿ ಏನೋ ಓಡಿತು. ಅದರ ಹಿಂದೆ ಇನ್ನೊಂದು ತಿರುಗುತ್ತಾ ಬಂತು, ಡಿಕ್ಕಿ ಹೊಡೆದು, ಬದಿಗೆ ಸರಿದು, ಮತ್ತೆ ಹೊರಟಿತು. ಮೂವತ್ತೆಂಟು ವರ್ಷದ ಗಂಡಸು, ಹನ್ನೆರಡು ವರ್ಷ ವಿಜ್ಞಾನ ಕಲಿಸಿದವರು, ಅವರ ಕಣ್ಣಲ್ಲಿ ನೀರು ತುಂಬಿ ಕಂಡದ್ದೂ ಕಾಣದಂತಾಯಿತು. ಒರೆಸಿಕೊಂಡು ಮತ್ತೆ ನೋಡಿದರು.

"ಅದಾವೇನ್ರಿ ಸರ?" ಹಿಂದಿನಿಂದ ಧೂಳಪ್ಪ ಕುಣಿಯುತ್ತಿದ್ದ. "ಹಲಗಿ ಮ್ಯಾಲೆ ತಗದಿದ್ರೆಲ್ಲ, ಹಂಗ ಅದಾವೇನ್ರಿ?"

"ಇಲ್ಲಲೇ" ಅಂದರು ಮಾಸ್ತರರು, ಕಣ್ಣು ತೆಗೆಯದೆ. "ಇವು ಬ್ಯಾರೇನ ಅದಾವ, ಓಡ್ಯಾಡಾಕತ್ತಾವ. ನಾ ಇಷ್ಟು ವರ್ಷ ಬರೇ ರೊಟ್ಟಿ ಬರದೇನಿ. ಬಾ, ನೀ ನೋಡ ಬಾ, ಈಗ ಪಾಳಿ ನಿಂದು."